ಯಂತ್ರದ ಹಣೆ

ಅತ್ತೆಗೆ ಹಾಗೆ ಹೇಳಬಾರದಿತ್ತು ಎಂದು ಪ್ರತಿಭಾಗೆ ಅನಿಸತೊಡಗಿದ್ದು ಟೆಂಪೊ ಬನವಾಸಿ ದಾಟಿ ಶಿರಸಿಯ ರಸ್ತೆಗೆ ಬಿದ್ದ ಮೇಲೆ. ಅಲ್ಲಿಯವರೆಗೂ ಹಿಂದುಗಡೆ ಕಟ್ಟಿದ್ದ ಯಂತ್ರದ ಹಗ್ಗ ಸಡಿಲಾಯಿತೇ, ತಗ್ಗು ಬಂದಾಗ ಮೋಟಾರಿನ ಬೋಲ್ಟು ಅಲುಗಿತೇ ಎಂದು ಕತ್ತು ತಿರುಗಿಸಿ ತಿರುಗಿಸಿ ನೋಡುವುದರಲ್ಲೇ ಅವಳ ಜೀವ ಇತ್ತು. ರಸ್ತೆ ನುಣುಪಾಗಿದ್ದೇ ತಡ, ಬೇರೆ ಕೆಲಸವಿಲ್ಲದ ಮನಸ್ಸು ಮನೆಯ ಅಂಗಳಕ್ಕೆ ವಾಪಸು ಹೋಯಿತು. ಹೇಳಿದ್ದಾದರೂ ಏನು ಮಹಾ? ಯಂತ್ರವನ್ನು ಟೆಂಪೊಗೆ ಏರಿಸುವ ಮೊದಲು ನೀಲಗಂಗವ್ವ ಅದರ ಸುತ್ತ ಒಂದು ಸುತ್ತು ಬಂದು, ಪಕ್ಕದಲ್ಲಿ ಕೂರಿಸಿದ್ದ ಕರಿಯ ಡಬ್ಬಿಯೊಂದನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, "ಇದೇನವಾ ಪ್ರತಿಭಾ?" ಎಂದು ಕೇಳಿದ್ದಳು. ಪ್ರತಿಭಾ ಬಾಯಲ್ಲಿ ಟೇಪಿನ ತುಂಡು ಕಚ್ಚಿಕೊಂಡು ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿದ್ದಳು. "ಅದ ಏನಿಲ್ರಿ ಅತ್ತಿ, ಒಂದ್ ಡಬ್ಬಿ. ಹೇಳಿದ್ರ ನಿಮಗ ತಿಳಿಯಂಗಿಲ್ಲ ಬಿಡ್ರಿ" ಎಂದುಬಿಟ್ಟಿದ್ದಳು. ದನಿಯೇನೂ ಏರಿರಲಿಲ್ಲ. ಅತ್ತೆಯೂ "ಹೌದ ಬಿಡು" ಎಂದು ನಕ್ಕು ಒಳಗೆ ಹೋಗಿದ್ದಳು. ಆದರೂ ಈಗ, ಸ್ಟೇರಿಂಗ್ ಹಿಡಿದ ನಿಹಾಲ್ ತನ್ನ ಪಾಡಿಗೆ ಏನೋ ಗುನುಗುತ್ತಿರುವಾಗ, ಆ ‘ತಿಳಿಯಂಗಿಲ್ಲ ಬಿಡ್ರಿ’ ಎನ್ನುವುದು ಅಕ್ಕಿಯಲ್ಲಿ ಸಿಕ್ಕ ಕಲ್ಲಿನ ಹಾಗೆ ಹಲ್ಲಿಗೆ ತಾಕುತ್ತಿತ್ತು. ಹಳೇ ಕೌದಿಯನ್ನು ತಾನೇ ತಂದು ಯಂತ್ರಕ್ಕೆ ಹೊದಿಸಿದ್ದಳು ಅತ್ತೆ, ದಾರಿಯಲ್ಲಿ ಪೆಟ್ಟಾದೀತೆಂದು.

"ಪ್ರತಿಭಕ್ಕ, ಟೆನ್ಶನ್ ಮಾಡ್ಕೊಂಡ್ರೆ ಮುಖ ಹಾಗೇ ಕಾಣ್ತದೆ ನೋಡಿ" ಎಂದ ನಿಹಾಲ್. ಅವನು ಶಿರಸಿಯವನು. ಮನೆತನವೇ ಲಾರಿ ಟೆಂಪೊಗಳದ್ದು, ಇದು ಅವನ ಮಾಮುವಿನ ಗಾಡಿ. ತರಗತಿಯಲ್ಲಿ ಅವಳ ಬೆಂಚಿನವನು, ಪ್ರಾಜೆಕ್ಟಿನಲ್ಲಿ ಅವಳ ಜೊತೆಗಾರ, ವಯಸ್ಸಿನಲ್ಲಿ ಅವಳ ಮಗಳಿಗೆ ಅಣ್ಣನಾಗಬಹುದಾದವನು. "ನಾನೇನು ಟೆನ್ಶನ್ ಮಾಡ್ಕೊಂಡಿಲ್ಲ, ನೀ ರಸ್ತೆ ನೋಡು" ಎಂದು ಪ್ರತಿಭಾ ಮಡಿಲಲ್ಲಿದ್ದ ನೀಲಿ ವರ್ಕ್‌ಶಾಪ್ ಕೋಟನ್ನು ಮತ್ತೊಮ್ಮೆ ಮಡಚಿದಳು.

ಟೆನ್ಶನ್ ಇತ್ತು. ಎಲೆಕ್ಟ್ರೋಮೆಕ್ಯಾನಿಕಲ್ ಟೆಕ್ನಾಲಜಿ ಎಂಬ ಬಾಯಿ ತುಂಬ ಹೆಸರಿನ ಪದವಿಯ ಬರವಣಿಗೆಯ ಪರೀಕ್ಷೆಗಳೆಲ್ಲ ಮುಗಿದು, ಉಳಿದದ್ದು ಈ ಯಂತ್ರವೊಂದೇ. ಹೊರಗಿನಿಂದ ಬರುವ ಪರೀಕ್ಷಕರ ಎದುರಿಗೆ ಇವತ್ತು ಅದು ನಡೆದರೆ ಓದು ಮುಗಿಯಿತು, ಕೈಕೊಟ್ಟರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ಎಂದರೆ ತನಗೇನೂ ಅಂಥ ನಷ್ಟವಿಲ್ಲ, ಓದು ಅವಳಿಗೆ ಹಿತವೇ ಆಗಿತ್ತು. ಹೆದರಿಕೆ ಇದ್ದದ್ದು ಅತ್ತೆಯ ತೋಳಿನದು. ಹಾವೇರಿಯಲ್ಲಿ ಎಂದೋ ಮಾಡಿದ ಡಿಪ್ಲೊಮಾ ಹಿಡಿದುಕೊಂಡು, ಮಗಳು ಹೈಸ್ಕೂಲಿಗೆ ಹೋದ ಮೇಲೆ, ನೇರ ಎರಡನೇ ವರ್ಷಕ್ಕೆ ಸೇರಬಹುದಂತೆ ಎಂದು ಊಟದ ಹೊತ್ತಿನಲ್ಲಿ ಅವಳು ಹೆದರಿ ಹೆದರಿ ಬಾಯಿಬಿಟ್ಟಾಗ, ಗಂಡ ಶರಣ ಹೂಂ ಎನ್ನಲೋ ಊಹೂಂ ಎನ್ನಲೋ ಎಂದು ತಟ್ಟೆ ನೋಡುತ್ತಿದ್ದ. ಆಗ ನೀಲಗಂಗವ್ವ, "ಓದ್ತೀನಂದ್ರ ಓದ್ಲಿ ಬಿಡೋ. ರೊಟ್ಟಿ ನಾ ಬಡೀತೀನಿ" ಎಂದಳು. ಅಷ್ಟೇ, ಮಾತು ಮುಗಿಯಿತು. ಅಂದಿನಿಂದ ಇಂದಿನವರೆಗೆ ದಿನಾ ಎರಡು ಹೊತ್ತು ಬಡಿದಿದ್ದಾಳೆ. ಈಚೀಚೆಗೆ ರೊಟ್ಟಿ ಬಡಿಯುವ ಸದ್ದಿನ ನಡುವೆ ಒಂದು ನಿಲುಗಡೆ ಬರುತ್ತಿತ್ತು. ಭುಜ ಹಿಡಿದುಕೊಂಡು ಕೂತಿದ್ದಾಳೆ ಎಂದು ಒಳಗೆ ಪುಸ್ತಕದ ಮುಂದೆ ಕೂತ ಪ್ರತಿಭಾಗೆ ಗೊತ್ತಾಗುತ್ತಿತ್ತು. ಗೊತ್ತಾಗಿ, ಏಳಬೇಕು ಎಂದುಕೊಂಡು, ಇದೊಂದು ಪುಟ ಮುಗಿಸಿ ಎದ್ದರಾಯಿತು ಎಂದುಕೊಂಡು, ಅಷ್ಟರಲ್ಲಿ ಸದ್ದು ಮತ್ತೆ ಶುರುವಾದರೆ ಸಮಾಧಾನಪಟ್ಟುಕೊಂಡು ಪುಟ ತಿರುಗಿಸುತ್ತಿದ್ದಳು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, "ನಾಳಿಗಿ ಮುಗೀತ್ರಿ ಅತ್ತಿ. ನಾಳೆ ಸಂಜಿಯಿಂದ ಒಲಿ ನಂದು" ಎಂದು ಮಾತು ಕೊಟ್ಟಿದ್ದಳು.

ಯಂತ್ರ ಮಾಡುವ ಕೆಲಸ ಕೇಳಿದರೆ ನಗು ಬರುವಷ್ಟು ಸಣ್ಣದು. ಶರಣನದು ಅನಾನಸ್ ಮಂಡಿ. ಸುಗ್ಗಿಯಲ್ಲಿ ಹಣ್ಣಿನ ರಾಶಿಯ ಮುಂದೆ ಕೂತು ದೊಡ್ಡದು ಈಚೆ, ಸಣ್ಣದು ಆಚೆ ಎಂದು ಬೇರೆ ಮಾಡುವುದರಲ್ಲೇ ಹೆಂಗಸರ ಬೆನ್ನು ಬಿದ್ದುಹೋಗುತ್ತದೆ. ಈ ಯಂತ್ರದಲ್ಲಿ ರಬ್ಬರಿನ ಪಟ್ಟಿಯ ಮೇಲೆ ಹಣ್ಣುಗಳನ್ನು ಅಡ್ಡ ಮಲಗಿಸಿಬಿಟ್ಟರೆ ಸಾಕು, ಪಟ್ಟಿ ನಡೆಯುತ್ತದೆ. ದಾರಿಯಲ್ಲಿ ಒಂದರ ಮೇಲೊಂದು ಎರಡು ಬೆಳಕಿನ ಕಣ್ಣು. ಒಂದು ಪಕ್ಕದ ಡಬ್ಬಿ ಬೆಳಕು ಬಿಡುತ್ತದೆ, ಎದುರು ಪಕ್ಕದ ಡಬ್ಬಿ ಹಿಡಿಯುತ್ತದೆ. ಕೆಳಗಿನ ಕಣ್ಣಿಗೆ ಎಲ್ಲ ಹಣ್ಣೂ ಅಡ್ಡ ಬರುತ್ತದೆ, ಮೇಲಿನ ಕಣ್ಣಿಗೆ ದಪ್ಪ ಹಣ್ಣು ಮಾತ್ರ. ಮೇಲೆ ಬೆಳಕು ತಡೆದರೆ ಹಣ್ಣು ದೊಡ್ಡದು, ನೇರ ಹೋಗಲಿ. ತಡೆಯದಿದ್ದರೆ ಸಣ್ಣದು, ಕಬ್ಬಿಣದ ಕೈಯೊಂದು ಬಂದು ಅದನ್ನು ಪಕ್ಕದ ಬುಟ್ಟಿಗೆ ತಳ್ಳುತ್ತದೆ. ಮಂಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅದು ಮೊದಲ ಸಲ ಸರಿಯಾಗಿ ತಳ್ಳಿದ ದಿನ ಪ್ರತಿಭಾ ಮತ್ತು ನಿಹಾಲ್ ಮಕ್ಕಳ ಹಾಗೆ ಚಪ್ಪಾಳೆ ಹೊಡೆದಿದ್ದರು. ಆ ಸದ್ದಿಗೆ ಬಂದು ನೋಡಿದ ನೀಲಗಂಗವ್ವ ಸ್ವಲ್ಪ ಹೊತ್ತು ಬುಟ್ಟಿಗೆ ಬೀಳುವ ಹಣ್ಣುಗಳನ್ನೇ ನೋಡಿ, "ಸಣ್ಣೂ ಏನ್ ಪಾಪ ಮಾಡ್ಯಾವ? ಒಂದ ಹೊಲದ್ದಲ್ಲೇನು?" ಎಂದಿದ್ದಳು. ಅದಕ್ಕೂ ಪ್ರತಿಭಾ ಉತ್ತರ ಕೊಟ್ಟಿರಲಿಲ್ಲ, ನಕ್ಕಿದ್ದಳು. ಈಗ ಯೋಚಿಸಿದರೆ, ಇಷ್ಟು ವರ್ಷದಲ್ಲಿ ಅತ್ತೆ ಕೇಳಿದ ಎಷ್ಟೋ ಪ್ರಶ್ನೆಗಳಿಗೆ ತಾನು ನಕ್ಕು ಬಿಟ್ಟದ್ದೇ ಹೆಚ್ಚು.

ಕಾಲೇಜಿನ ಗೇಟು ಬಂತು. ಈ ಗೇಟಿನೊಳಗೆ ಮೊದಲ ದಿನ ಕಾಲಿಟ್ಟಾಗ ಆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಅವಳ ಕಿವಿ ಬಿಸಿಯಾಗುತ್ತದೆ. ಬಸ್ಸು ತಡವಾಗಿ, ಓಡುತ್ತ ಹೋಗಿ ತರಗತಿಯ ಬಾಗಿಲಲ್ಲಿ ನಿಂತಳು. ಒಳಗಿದ್ದ ಅಷ್ಟೂ ಹುಡುಗರು ದಡಬಡ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದರು. ಸರಿ, ನಾನೂ ನಿಮ್ಮ ಹಾಗೇ ಓದಲು ಬಂದವಳು ಎನ್ನಬೇಕೋ ಬೇಡವೋ? ಬಾಯಿಗೆ ಬಂದದ್ದು "ಕೂಡ್ರಿ, ಕೂಡ್ರಿ" ಎಂಬ ಮಾತು. ಕೂತರು! ಅವಳು ಹೋಗಿ ಮುಂದಿನ ಬೆಂಚಿನಲ್ಲಿ ಕೂತಾಗ ಹಿಂದಿನಿಂದ ಎದ್ದ ನಗೆ ಇನ್ನೂ ಈ ಕಟ್ಟಡದ ಯಾವುದೋ ಮೂಲೆಯಲ್ಲಿ ಇದ್ದೇ ಇರಬೇಕು. ಆಗ ಪಕ್ಕಕ್ಕೆ ಸರಿದು ಜಾಗ ಬಿಟ್ಟವನು ಈ ನಿಹಾಲ್, "ಇಲ್ಲಿ ಕೂರಿ, ಫ್ಯಾನ್ ಗಾಳಿ ಬರ್ತದೆ" ಎಂದು. ಆಮೇಲೆ ಯಾರೂ ನಗಲಿಲ್ಲ, ಅಥವಾ ನಕ್ಕರೂ ಅವಳಿಗೆ ಕೇಳಿಸಲಿಲ್ಲ. ಏಕೆಂದರೆ ಕೇಳಿಸಿಕೊಳ್ಳಲು ಬೇರೆ ಎಷ್ಟೋ ಇತ್ತು. ಮನೆಯ ಪಂಪಿನ ಸ್ಟಾರ್ಟರನ್ನು ಅವಳು ಎಷ್ಟೋ ಸಲ ಬಿಚ್ಚಿ ಮರಳು ಕಾಗದದಿಂದ ಉಜ್ಜಿ ಕೂರಿಸಿದ್ದಳು. ಅದು ಯಾಕೆ ಅಂಟಿಕೊಳ್ಳುತ್ತದೆ ಎಂದು ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ, ಊಟದ ನಂತರದ ತೂಕಡಿಕೆಯ ಪೀರಿಯಡ್ಡಿನಲ್ಲಿ, ವೆಂಕಟ್ರಮಣ ಸರ್ ಬೋರ್ಡಿನ ಮೇಲೆ ಒಂದು ಸುರುಳಿ ಬರೆದು ಅದನ್ನು ವಿವರಿಸಿದಾಗ, ಓಹೋ ಇದಕ್ಕಾ ಎಂದು ಅವಳಿಗೆ ಅನಿಸಿದ ಸುಖವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಮನೆಗೆ ಹೋಗಿ ಅತ್ತೆಗೆ ಹೇಳಬೇಕು ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದಳು. ಮನೆ ಮುಟ್ಟುವಷ್ಟರಲ್ಲಿ, ಹೇಳಿದರೆ ಏನು ತಿಳಿದೀತು ಎಂದುಕೊಂಡು ಸುಮ್ಮನಾಗಿದ್ದಳು.

ಲ್ಯಾಬಿನಲ್ಲಿ ಯಂತ್ರವನ್ನು ಇಳಿಸಿ ಕೌದಿ ತೆಗೆದಾಗ ಪ್ರತಿಭಾ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದಳು. ಮೋಟಾರಿನ ಮುಚ್ಚಳದ ಮೇಲೆ, ಸ್ವಿಚ್ಚುಗಳ ಪೆಟ್ಟಿಗೆಯ ಮೇಲೆ, ಬಿಳೀ ಬಿಳೀ ವಿಭೂತಿಯ ಪಟ್ಟೆಗಳು. ಅತ್ತೆ ಬೆಳಿಗ್ಗೆ ವಿಭೂತಿ ಗಟ್ಟಿ, ನೀರಿನ ಬಟ್ಟಲು ತಂದು ಹಚ್ಚಿದಾಗ ಇಷ್ಟು ಎದ್ದು ಕಂಡಿರಲಿಲ್ಲ. ಪ್ರತಿಭಾ ಆಗ ಬಗ್ಗಿ ವೈರು ಸಿಕ್ಕಿಸುತ್ತಿದ್ದಳು, ಕಣ್ಣಂಚಿನಲ್ಲಿ ಕಂಡದ್ದು ಒದ್ದೆ ಬೆರಳುಗಳು ಮಾತ್ರ. ಮನೆಗೆ ಹೊಸ ಟ್ರಾಕ್ಟರ್ ಬಂದರೂ, ಹೊಸ ಎತ್ತು ಬಂದರೂ ಮಾಡುವುದೇ ಅದು. ಕಾಯಿ ಒಡೆದಾದ ಮೇಲೆ ಶರಣ, "ಒಂದ್ಸಲ ನಡಸಿ ತೋರಸ್ರಿ ಇಂಜಿನಿಯರ್ ಸಾಹೇಬ್ರ" ಎಂದಿದ್ದ. ಒಂದೆರಡು ಹಣ್ಣು ಬಿಟ್ಟು ನಡೆಸಿದ್ದಳು, ಸೊಗಸಾಗಿ ನಡೆದಿತ್ತು. ಈಗ ಸುತ್ತಲಿನ ಮೇಜುಗಳಲ್ಲಿ ಹುಡುಗರು ಡ್ರೋನು, ರೋಬೋಟು ಎಂದು ಥಳಥಳಿಸುವುದನ್ನೆಲ್ಲ ಜೋಡಿಸಿಕೊಂಡು ನಿಂತಿದ್ದಾರೆ. ನಡುವೆ ತನ್ನದೊಂದು ಮಠದಿಂದ ಎದ್ದು ಬಂದ ಹಾಗಿದೆ. ಹೊರಗಿನ ಪರೀಕ್ಷಕರು ಏನಂದುಕೊಂಡಾರು? ನಿಹಾಲ್ ಹಣ್ಣಿನ ಬುಟ್ಟಿ ತರಲು ಹೋದದ್ದನ್ನು ನೋಡಿಕೊಂಡು, ಸೀರೆಯ ಮೇಲೆ ತೊಟ್ಟಿದ್ದ ನೀಲಿ ಕೋಟಿನ ತೋಳಿನಿಂದ ಮುಚ್ಚಳವನ್ನೂ ಪೆಟ್ಟಿಗೆಯನ್ನೂ ಗಸಗಸ ಒರೆಸಿದಳು. ಒರೆಸಿದ ಮೇಲೆ ನೋಡಿದರೆ ಯಂತ್ರ ಸ್ವಚ್ಛ, ತೋಳು ಬೆಳ್ಳಗೆ. ಬೋರ್ಡಿನ ಸುಣ್ಣದ ಪುಡಿಯ ಹಾಗೆ ವಿಭೂತಿಯನ್ನು ತೋಳಿಗೆ ಒರೆಸಿಕೊಂಡೆನಲ್ಲ ಎಂದು ಒಳಗೆ ಮುಳ್ಳು ಆಡಿತು. ತೋಳನ್ನು ಒಂದು ಮಡಿಕೆ ಮೇಲಕ್ಕೆ ಮಡಚಿಕೊಂಡಳು.

ಪರೀಕ್ಷಕಿ ಅವಳಿಗಿಂತ ಚಿಕ್ಕವಳು. ಹುಬ್ಬಳ್ಳಿಯ ಕಡೆಯ ಕಾಲೇಜೊಂದರಿಂದ ಬಂದವಳಂತೆ. ಗಂಭೀರ ಮುಖ, ಅಳೆದು ತೂಗಿ ಆಡುವ ಮಾತು. ಮೇಜಿನ ಹತ್ತಿರ ಬಂದು ಪ್ರತಿಭಾಳನ್ನು ಮೇಲಿಂದ ಕೆಳಗೆ ನೋಡಿ ವೆಂಕಟ್ರಮಣ ಸರ್ ಕಡೆ ತಿರುಗಿದಳು. ಅವರು "ಇವ್ರೂ ವಿದ್ಯಾರ್ಥಿನೇ ಮೇಡಂ. ಪ್ರತಿಭಾ ಅವ್ರು" ಎಂದರು. ಕಾಲೇಜಿನಲ್ಲಿ ಅವಳನ್ನು ‘ಅವ್ರು’ ಹಚ್ಚಿ ಕರೆಯುವ ಒಬ್ಬರೇ ಮೇಷ್ಟ್ರು ಅವರು. ಪರೀಕ್ಷಕಿ ಕೊಂಚ ಕೆಂಪಾಗಿ, "ಸರಿ, ನಡೆಸಿ ತೋರಿಸಿ" ಎಂದಳು. ಪ್ರತಿಭಾ ಹಸಿರು ಗುಂಡಿ ಒತ್ತಿದಳು. ಪಟ್ಟಿ ನಡೆಯಿತು. ನಿಹಾಲ್ ದೊಡ್ಡದೊಂದು ಹಣ್ಣು ಮಲಗಿಸಿದ, ನೇರ ಹೋಯಿತು. ಸಣ್ಣದೊಂದು ಮಲಗಿಸಿದ, ಅದೂ ನೇರ ಹೋಯಿತು. ಇನ್ನೊಂದು ಸಣ್ಣದು, ಮುಷ್ಟಿಗಿಂತ ಸ್ವಲ್ಪವೇ ದೊಡ್ಡದು, ರಾಜಗಾಂಭೀರ್ಯದಿಂದ ಕಬ್ಬಿಣದ ಕೈಯ ಎದುರಿಗೇ ಸಾಗಿ ದೊಡ್ಡವರ ಬುಟ್ಟಿಗೆ ಬಿತ್ತು. ಕೈ ಅಲುಗಲೇ ಇಲ್ಲ. ಯಾರೋ ಹಿಂದಿನಿಂದ "ಎಲ್ಲಾ ಫಸ್ಟ್ ಕ್ಲಾಸ್" ಎಂದರು, ನಗೆ ಎದ್ದಿತು. ಅದೇ ನಗೆ ಎಂದುಕೊಂಡಳು ಪ್ರತಿಭಾ, ಎಲ್ಲೋ ಮೂಲೆಯಲ್ಲಿ ಉಳಿದುಕೊಂಡದ್ದು.

"ಎಂತ ಆತು ಪ್ರತಿಭಾ ಅವ್ರೇ? ನಿನ್ನೆ ನೀವು ಕಳಿಸಿದ ವಿಡಿಯೋದಲ್ಲಿ ಸರಿ ಇತ್ತಲ" ಎಂದರು ವೆಂಕಟ್ರಮಣ ಸರ್. ಗಾಬರಿಗೆ ಅವರ ಮನೆಮಾತೂ ಹೊರಬಂತು. "ಗಡಬಡೆ ಮಾಡ್ಬೇಡಿ, ಎಂತದೂ ಆಗ್ಲಿಲ್ಲೆ."

ಪರೀಕ್ಷಕಿ ಕೈಕಟ್ಟಿಕೊಂಡು, "ಏನು ತೊಂದರೆ ಅಂತ ಹುಡುಕಿ. ನಾನು ಕಾಯ್ತೀನಿ" ಎಂದಳು. ಕಾಯುವವರ ಎದುರಿಗೆ ಹುಡುಕುವುದೆಂದರೆ ಸೀರೆ ಉಡುವಾಗ ಬಾಗಿಲು ತೆರೆದಿಟ್ಟ ಹಾಗೆ. ಕಬ್ಬಿಣದ ಕೈಯ ಮೋಟಾರಿಗೆ ಕರೆಂಟ್ ಬರುತ್ತಿದೆಯೇ ಎಂದು ಬೇರೆ ಗುಂಡಿ ಒತ್ತಿ ನೋಡಿದಳು. ಕೈ ಟಪ್ಪೆಂದು ತಳ್ಳಿ ವಾಪಸಾಯಿತು. ಹಾಗಾದರೆ ಕೈಗೆ ರೋಗವಿಲ್ಲ, ತಳ್ಳು ಎಂದು ಯಾರೂ ಅದಕ್ಕೆ ಹೇಳುತ್ತಿಲ್ಲ. ಹೇಳಬೇಕಾದದ್ದು ಮೇಲಿನ ಕಣ್ಣು. ಅದರ ವೈರನ್ನು ಬೆಸೆದವನು ನಿಹಾಲ್. ದಾರಿಯ ಕುಲುಕಿಗೆ ಬಿಟ್ಟಿರಬೇಕು. ಹುಡುಗರ ಕೆಲಸವೇ ಹೀಗೆ, ಗುನುಗುತ್ತ ಮಾಡುತ್ತಾರೆ. ಅತ್ತೆಯ ಒಲೆ, ಅತ್ತೆಯ ಭುಜ, ಇನ್ನೊಂದು ವರ್ಷದ ರೊಟ್ಟಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು, "ನಿನ್ನ ಜಾಯಿಂಟ್ ನೋಡ್ಕೋ ಮೊದ್ಲ. ಹೇಳಿದ್ನಿಲ್ಲೋ ಗಟ್ಟಿ ಮಾಡು ಅಂತ" ಎಂದು ಎಲ್ಲರ ಎದುರಿಗೆ ಅಂದುಬಿಟ್ಟಳು. ನಿಹಾಲ್‌ನ ಮುಖ ಸಣ್ಣದಾಯಿತು. ಬಗ್ಗಿ ವೈರನ್ನು ಎಳೆದೆಳೆದು ನೋಡಿ, "ಗಟ್ಟಿ ಇದೆ ಅಕ್ಕ" ಎಂದ ಮೆಲ್ಲಗೆ.

ಗಟ್ಟಿಯೇ ಇತ್ತು. ಪ್ರತಿಭಾ ಮೊಣಕಾಲೂರಿ ಮೇಜಿನ ಸಂದಿಯಲ್ಲಿ ತಲೆ ತೂರಿಸಿ, ಮೇಲಿನ ಕಣ್ಣಿನ ಡಬ್ಬಿಯ ಬೆನ್ನಿಗಿದ್ದ ಕೆಂಪು ದೀಪ ನೋಡಿದಳು. ಎದುರಿಗೆ ಏನಾದರೂ ಅಡ್ಡ ಇದ್ದಾಗ ಮಾತ್ರ ಹೊತ್ತಬೇಕಾದ ದೀಪ ಅದು. ಪಟ್ಟಿಯ ಮೇಲೆ ಹಣ್ಣಿಲ್ಲ, ಹುಳವಿಲ್ಲ, ದೀಪ ಮಾತ್ರ ನಿಶ್ಚಿಂತೆಯಿಂದ ಉರಿಯುತ್ತಿತ್ತು. ಏನೂ ಇಲ್ಲದ ಕಡೆ ಇದಕ್ಕೆ ಏನು ಕಾಣುತ್ತಿದೆ? ಅವಳು ಪಟ್ಟಿಯ ಆ ಬದಿಯಿಂದ ಬಂದು, ಡಬ್ಬಿಯ ಮುಖಕ್ಕೆ ಮುಖ ಕೊಟ್ಟು ನೋಡಿದಳು. ಮೂರು ಬೆರಳು. ಕರಿಯ ಡಬ್ಬಿಯ ಮೇಲೆ ಅತ್ತೆಯ ಮೂರು ಬೆರಳು ಅಚ್ಚುಕಟ್ಟಾಗಿ ಅಡ್ಡ ಎಳೆದಿದ್ದವು. ಎರಡು ಪಟ್ಟೆ ಡಬ್ಬಿಯ ಮೈಮೇಲೆ, ಮೂರನೆಯದು ಸರಿಯಾಗಿ ಗಾಜಿನ ಕಣ್ಣಿನ ಮೇಲೆ, ದಟ್ಟವಾಗಿ, ಪೂರಾ ಒಣಗಿ. ವಿಭೂತಿ ಹಚ್ಚಿಕೊಂಡವರಿಗೆಲ್ಲ ಗೊತ್ತಿರುವುದೇ ತಾನೇ? ಒದ್ದೆಯಿದ್ದಾಗ ಹಚ್ಚಿದೆವೋ ಇಲ್ಲವೋ ಎನ್ನುವ ಹಾಗಿರುತ್ತದೆ, ಒಣಗುತ್ತ ಒಣಗುತ್ತ ಬೆಳ್ಳಗೆ ಮೂಡುತ್ತದೆ. ಅಂಗಳದಲ್ಲಿ ಶರಣನಿಗೆ ನಡೆಸಿ ತೋರಿಸುವಾಗ ಅದು ಹಸಿಯಾಗಿತ್ತು, ಬೆಳಕು ಹಾದುಹೋಗಿತ್ತು. ಶಿರಸಿಯ ದಾರಿಯುದ್ದಕ್ಕೂ ಅವಳು ಹಗ್ಗ ನೋಡುತ್ತ, ಬೋಲ್ಟು ನೋಡುತ್ತ ಕೂತಿರುವಾಗ ಕೌದಿಯೊಳಗೆ ಅದು ಸದ್ದಿಲ್ಲದೆ ಒಣಗಿತ್ತು. ಕಾಣುವಲ್ಲಿದ್ದ ವಿಭೂತಿಯನ್ನೆಲ್ಲ ನಾಚಿಕೆಪಟ್ಟು ಒರೆಸಿದ್ದಳು. ಒರೆಸಬೇಕಾದದ್ದು ಉಳಿದಿತ್ತು.

ಅವಳಿಗೆ ಅಳು ಬರಬೇಕಿತ್ತು, ಬಂದದ್ದು ನಗು. ಇದೇನವಾ ಎಂದು ತಟ್ಟಿ ಕೇಳಿದ ಡಬ್ಬಿ ಇದೇ. ಒಂದ್ ಡಬ್ಬಿ ಅಂದವಳು ತಾನೇ. ತೋರುಬೆರಳಿಗೆ ಬಾಟಲಿಯ ನೀರು ಮುಟ್ಟಿಸಿ ಗಾಜನ್ನು ಮೆಲ್ಲಗೆ ಒರೆಸಿದಳು. ಕೋಟಿನ ತುದಿಯಿಂದ ಒಣಗಿಸಿದಳು. ಕೆಂಪು ದೀಪ ಆರಿತು. ಎದ್ದು ನಿಂತಾಗ ಬೆರಳಿನಲ್ಲಿ ವಿಭೂತಿ ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ಅವಳು ಯೋಚಿಸಲಿಲ್ಲ, ಕೈಯೇ ಮೇಲಕ್ಕೆ ಹೋಗಿ ಹಣೆಗೆ ಎಳೆದುಕೊಂಡಿತು. ಎಳೆದುಕೊಂಡ ಮೇಲೆ ನೆನಪಾಯಿತು, ಎಲ್ಲರೂ ನೋಡುತ್ತಿದ್ದಾರೆ ಎಂದು.

"ಏನಿತ್ತು?" ಎಂದಳು ಪರೀಕ್ಷಕಿ.

ಧೂಳು ಎನ್ನಬಹುದಿತ್ತು. ಸೆನ್ಸರಿನ ಮೇಲೆ ಧೂಳು ಕೂತಿತ್ತು ಮೇಡಂ ಎಂದರೆ ಯಾರೂ ಮರುಮಾತಾಡುತ್ತಿರಲಿಲ್ಲ. ಅದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಧೂಳನ್ನು ಯಾರು ಹಣೆಗೆ ಹಚ್ಚಿಕೊಳ್ಳುತ್ತಾರೆ? ಅಷ್ಟೇ ಅಲ್ಲ, ಅತ್ತೆ ಹಚ್ಚಿದ್ದನ್ನು ಧೂಳು ಎಂದು ಈ ಬಾಯಿಂದ ಅನ್ನಲು ಇವತ್ತು ಆಗುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಅನಿಸಿತು.

"ವಿಭೂತಿ ರೀ ಮೇಡಂ. ಹೊರಡುವಾಗ ನಮ್ಮತ್ತಿ ಯಂತ್ರಕ್ಕ ಪೂಜಿ ಮಾಡ್ಯಾರ. ಈ ಕಣ್ಣಿಗೂ ಹಚ್ಯಾರ. ಕಣ್ಣಂತ ಅವರಿಗೆ ಗೊತ್ತಿರಲಿಲ್ರಿ, ನಾನ ಹೇಳಿರಲಿಲ್ಲ. ಹಚ್ಚಿದ ಮ್ಯಾಲೂ ಮುಂಜಾನೆ ಮನ್ಯಾಗ ನಡೀತಿತ್ರಿ."

"ಮತ್ತ ಮುಂಜಾನೆ ನಡೀತಿತ್ತು ಅಂದ್ರಿ?" ಪರೀಕ್ಷಕಿಯ ಅಳೆದು ತೂಗಿದ ಮಾತು ಎಲ್ಲಿ ಹೋಯಿತೋ, ಹುಬ್ಬಳ್ಳಿಯ ಮನೆಯಂಗಳದ ಮಾತು ಬಂದಿತ್ತು.

"ಆಗ ಹಸೀ ಇತ್ರಿ."

ಪರೀಕ್ಷಕಿ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ವೆಂಕಟ್ರಮಣ ಸರ್ ಗೋಡೆಯ ಕಡೆ ತಿರುಗಿ ನಕ್ಕರು. ನಿಹಾಲ್‌ಗೆ ತಡೆಯಲಾಗಲಿಲ್ಲ. "ನಮ್ಮನೇಲೂ ಹಾಗೇ ಮೇಡಂ. ಹೊಸ ಲಾರಿ ಬಂದಾಗ ಅಮ್ಮಿ ಸೈಡ್ ಕನ್ನಡಿಗೇ ಹೂವಿನ ಹಾರ ಸುತ್ತಿಬಿಟ್ರು. ಮಾಮು ಹಿಂದೆ ಕಾಣದೆ ಸೀದಾ ಗೋಡೆಗೆ ಗುದ್ದಿದ್ರು." ಈ ಸಲದ ನಗೆಯಲ್ಲಿ ಪ್ರತಿಭಾಳೂ ಸೇರಿದಳು.

ನಕ್ಕು ಮುಗಿದ ಮೇಲೆ ಪರೀಕ್ಷಕಿ ಬಿಡಲಿಲ್ಲ. "ಅಲ್ರಿ, ನಾಳೆ ಇದನ್ನ ಮಂಡಿಯೊಳಗ ಇಟ್ಟ್ರಿ ಅನ್ರಿ. ಅಮಾಸಿಗಿ ಹಚ್ತಾರ, ಆಯುಧ ಪೂಜಿಗಿ ಹಚ್ತಾರ. ಏನ್ ಮಾಡ್ತೀರಿ? ಪೂಜಿ ಮಾಡಬ್ಯಾಡ್ರಿ ಅಂತ ಬೋರ್ಡ್ ಹಾಕ್ತೀರೇನು?" ನಗುತ್ತ ಕೇಳಿದರೂ ಪ್ರಶ್ನೆ ಪರೀಕ್ಷೆಯದೇ ಎಂದು ಅವಳ ಪೆನ್ನು ಹೇಳುತ್ತಿತ್ತು.

"ಕಣ್ಣಿಗೆ ಗಾಜಿನ ಮುಚ್ಚಳ ಹಾಕ್ಬಹುದು" ಎಂದ ನಿಹಾಲ್.

"ಮುಚ್ಚಳಕ್ಕ ಹಚ್ತಾರ" ಎಂದಳು ಪರೀಕ್ಷಕಿ.

ಪ್ರತಿಭಾ ಯಂತ್ರವನ್ನು ನೋಡಿದಳು. ಇಷ್ಟು ತಿಂಗಳು ಅದನ್ನು ಬದಿಯಿಂದ ನೋಡಿದ್ದಳು, ಬೆನ್ನಿನಿಂದ ನೋಡಿದ್ದಳು, ಹೊಟ್ಟೆ ಬಗೆದು ನೋಡಿದ್ದಳು. ಈಗ ಒದ್ದೆ ಬೆರಳು ಹಿಡಿದುಕೊಂಡು ಅಂಗಳಕ್ಕೆ ಬಂದವಳ ಹಾಗೆ ಎದುರಿನಿಂದ ನೋಡಿದಳು. ಹಚ್ಚಬೇಕೆಂದರೆ ಜಾಗವೇ ಇಲ್ಲ. ಎಲ್ಲೆಲ್ಲೂ ವೈರು, ಗುಂಡಿ, ದೀಪ, ಸರಳು. ಪಾಪ, ಅತ್ತೆ ಒಂದು ಸುತ್ತು ಬಂದು ಬೇರೇನೂ ಸಿಗದೆ, ನುಣ್ಣಗೆ ಚೌಕಾಗಿ ಕಂಡದ್ದಕ್ಕೆಲ್ಲ ಹಚ್ಚಿದ್ದಾಳೆ.

"ಹಣಿ ಇಡ್ತೀವ್ರಿ" ಎಂದಳು.

"ಅಂದ್ರ?"

"ಇದಕ್ಕ ಹಣಿ ಇಲ್ರಿ ಮೇಡಂ. ವಿಭೂತಿ ಹಿಡ್ಕೊಂಡು ಬಂದವರು ಹಣಿ ಹುಡುಕ್ತಾರ, ಸಿಗಲಿಲ್ಲಂದ್ರ ಕಂಡಲ್ಲಿ ಹಚ್ತಾರ. ಮುಂದ, ನಿಂತವರ ಕೈಗೆ ಸಿಗೂ ಎತ್ತರಕ್ಕ, ಅಂಗೈ ಅಗಲದ್ದೊಂದು ತಗಡು ಕೂಡಸೋದು. ಅದರ ಮ್ಯಾಲೇನೂ ಇರಬಾರ್ದು, ಹಿಂದೇನೂ ಇರಬಾರ್ದು. ವಿಭೂತಿ ಹಚ್ಲಿ, ಕುಂಕುಮ ಹಚ್ಲಿ, ಹಾರ ಹಾಕಾಕ ಎರಡು ಕೊಂಡಿ ಇಡೂಣು. ಕಣ್ಣು ಅದರ ಕೆಳಗ, ಒಳಗ, ಹುಬ್ಬಿನ ನೆಳ್ಳಾಗ ಇದ್ದಂಗ ಇರ್ತಾವ. ಅಲ್ಲಿಗಿ ಕೈ ಹೋಗಂಗಿಲ್ಲ."

ಪರೀಕ್ಷಕಿ ನಗಲಿಲ್ಲ. ಯಂತ್ರದ ಮುಂದೆ ಬಂದು, ತನ್ನದೇ ಕೈಯನ್ನು ಹಚ್ಚುವವರ ಹಾಗೆ ಮುಂದೆ ಚಾಚಿ ಎತ್ತರ ನೋಡಿದಳು. ವೆಂಕಟ್ರಮಣ ಸರ್ ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡರು. "ಹಣ್ಣು ಬಿಡ್ರಿ" ಎಂದಳು ಪರೀಕ್ಷಕಿ. ನಿಹಾಲ್ ಬಿಟ್ಟ. ದೊಡ್ಡದು ನೇರ ಹೋಯಿತು. ಸಣ್ಣದು ಬಂದಾಗ ಕಬ್ಬಿಣದ ಕೈ ಟಪ್ಪೆಂದು ತಳ್ಳಿತು. ಪರೀಕ್ಷಕಿ ಕಾಗದಕ್ಕೆ ಸಹಿ ಹಾಕಿ ಮುಂದಿನ ಮೇಜಿಗೆ ಹೋದಳು. ಅವಳ ಹಿಂದೆ ಹೊರಟ ವೆಂಕಟ್ರಮಣ ಸರ್ ತಿರುಗಿ, "ಆತು, ಮುಗೀತು. ನೀವಿನ್ನು ಆರಾಮಾಗಿ ಮನೆಗೆ ಹೋಗಿ" ಎಂದು ಪಿಸುಗುಟ್ಟಿದರು.

ಆಮೇಲೆ ಲ್ಯಾಬಿನ ಹಿಂದಿನ ಕಟ್ಟೆಯ ಮೇಲೆ ಹಣ್ಣುಗಳನ್ನು ಕೊಯ್ದು ಉಪ್ಪು ಖಾರ ಉದುರಿಸಿ ಎಲ್ಲರೂ ತಿಂದರು. ಡ್ರೋನಿನ ಹುಡುಗರೂ ಬಂದರು. ಅವರ ಮೇಜಿನ ಅಡಿಗೆ ದಾರದಲ್ಲಿ ನಿಂಬೆಹಣ್ಣೊಂದು ನೇತಾಡುತ್ತಿದ್ದುದನ್ನು ಪ್ರತಿಭಾ ಆಗಲೇ ನೋಡಿದ್ದಳು, ಯಾರಿಗೂ ಹೇಳಲಿಲ್ಲ. ನಿಹಾಲ್ ಒಂದು ಪಕ್ಕಕ್ಕೆ ನಿಂತು ತಿನ್ನುತ್ತಿದ್ದ. ಹೋಗಿ ಪಕ್ಕದಲ್ಲಿ ನಿಂತಳು. "ಎಲ್ಲಾರ ಮುಂದ ಅಂದ್ನಿ. ನಂದ ತಪ್ಪು ಇತ್ತು. ಸಿಟ್ಟು ಬಂತೇನಪಾ?" ಎಂದಳು. "ಬಂತು" ಎಂದ ನಿಹಾಲ್ ಬಾಯಿತುಂಬ ಹಣ್ಣು ಇಟ್ಟುಕೊಂಡು, "ಹಣ್ಣು ಸಿಹಿ ಇದೆ, ಹೋಯ್ತು."

ವಾಪಸು ದಾರಿಯಲ್ಲಿ ಅವಳು ಕತ್ತು ತಿರುಗಿಸಲಿಲ್ಲ. ಹಗ್ಗ ಬಿಗಿಯಾಗಿರಲಿ ಸಡಿಲಾಗಿರಲಿ. ಹಣೆಯ ಮೇಲೆ ಒಣಗಿದ ವಿಭೂತಿ ಗಾಳಿಗೆ ಚುರುಚುರು ಬಿಗಿಯುತ್ತಿತ್ತು. ಸಂತೋಷವಾಗಿತ್ತು. ಸುಮ್ಮನೆ, ಹೊಟ್ಟೆ ತುಂಬಿದವರ ಸಂತೋಷ. ಅದರ ನಡುವೆ ಒಂದೇ ಒಂದು ಕಡೆ ಇನ್ನೂ ನೋಯುತ್ತಿತ್ತು, ಅದಕ್ಕೆ ಮದ್ದು ಮನೆಯಲ್ಲಿತ್ತು.

ಇಳಿಹೊತ್ತಿನಲ್ಲಿ ಶರಣ ಮತ್ತು ನಿಹಾಲ್ ಯಂತ್ರವನ್ನು ಅಂಗಳಕ್ಕೆ ಇಳಿಸಿದರು. ಕೈಗೆ ಹಿಟ್ಟು ಮೆತ್ತಿಕೊಂಡೇ ನೀಲಗಂಗವ್ವ ಹೊರಗೆ ಬಂದಳು. "ಒಲಿ ನಂದಂತ ಹೇಳಿದ್ನೆಲ್ರಿ ಅತ್ತಿ, ಮತ್ತ ಹಿಟ್ಟು ಯಾಕ ಹಿಡಿದ್ರಿ?" ಎಂದಳು ಪ್ರತಿಭಾ. "ಹೆಂಚು ಇಟ್ಟೀನಿ, ನಾದೀನಿ. ಬಡಿಯೋದು ನೀನ ಬಡಿ. ಪಾಸಾತೇನು?"

"ಆತ್ರಿ."

"ಹಣಿ ಮ್ಯಾಲ ಏನು ಅರ್ಧಾ ಬಳಕೊಂಡಿ?"

ಪ್ರತಿಭಾ ಎಲ್ಲವನ್ನೂ ಹೇಳಿದಳು. ತೋಳಿನಿಂದ ಒರೆಸಿದ್ದನ್ನೂ ಬಿಡಲಿಲ್ಲ, ಕೋಟಿನ ತೋಳಿನ ಮಡಿಕೆ ಬಿಚ್ಚಿ ತೋರಿಸಿದಳು. ಸಣ್ಣ ಹಣ್ಣುಗಳೆಲ್ಲ ದೊಡ್ಡವರ ಬುಟ್ಟಿಗೆ ಹೋದವು ಎಂದಾಗ ಶರಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಛಲೋ ಆತು ತಗೋ, ಒಂದ ಹೊಲದ್ದು" ಎಂದು ನೀಲಗಂಗವ್ವನೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ಡಬ್ಬಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಇದ ಕಣ್ಣೇನು?"

"ಹೌದ್ರಿ."

"ಮುಂಜಾನೆ ಕೇಳಿದ್ನೆಲ್ಲವಾ."

"ಕೇಳಿದ್ರಿ. ಡಬ್ಬಿ ಅಂದ್ನಿ."

"ಕಣ್ಣು ಅಂದಿದ್ರ ಯಾಕ ಹಚ್ತಿದ್ನಿ? ನಿನಗ ಹಚ್ಚುವಾಗ ಕಣ್ಣಿಗೆ ಹಚ್ತೀನೇನು?"

ಸಿಟ್ಟಿನಿಂದ ಅಂದದ್ದಲ್ಲ, ಅದು ಪ್ರತಿಭಾಗೆ ಗೊತ್ತಾಯಿತು. ನಿಜವಾಗಿ ಕೇಳಿದ್ದು, ಬೆಳಿಗ್ಗೆ ಕೇಳಿದ ಹಾಗೆಯೇ. "ತಪ್ಪಾತ್ರಿ ಅತ್ತಿ" ಎಂದಳು. ನೀಲಗಂಗವ್ವ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಹಿಟ್ಟು ಮೆತ್ತಿದ ಕೈ ತಾಕದ ಹಾಗೆ ಮೊಣಕೈಯಿಂದ ಪಕ್ಕದ್ದನ್ನು ತೋರಿಸಿದಳು.

"ಮತ್ತ ಇದು?"

ಒಳಗೆ ಒಲೆಯ ಮೇಲೆ ಹೆಂಚು ಕಾಯುತ್ತಿತ್ತು. ಕಾಯಲಿ ಎಂದುಕೊಂಡು ಪ್ರತಿಭಾ ಸೆರಗು ಸಿಕ್ಕಿಸಿ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಇದು ಮೋಟಾರ್ ರೀ ಅತ್ತಿ" ಎಂದು ಮೊದಲಿನಿಂದ ಹೇಳತೊಡಗಿದಳು.